ಪ್ಲೈವುಡ್ ದೋಣಿಯ ತಳ ಸವೆಯದಂತೆ ಏನು ಮಾಡಬೇಕು?

ಪ್ರಶ್ನೆ: 6 ಮಿ.ಮೀ. ಪ್ಲೈವುಡ್‌ನ 4 ಮೀಟರ್ ದೋಣಿ. ಮರಳು, ಕಲ್ಲಿನ ಮೇಲೆ ಎಳೆದೆಳೆದು ಮೂತಿಯ ಕೆಳಗೆ ಮರ ಕಾಣುತ್ತಿದೆ. ಕೆವ್ಲಾರ್ (ಗುಂಡು ತಡೆಯುವ ಕವಚಕ್ಕೆ ಬಳಸುವ ಗಟ್ಟಿ ನಾರಿನ ಬಟ್ಟೆ) ಹೊದಿಸಲೇ?

ಉತ್ತರ 1: ಬೇಡ ಸರ್. ಸೀಳು ತಡೆಯುತ್ತದೆ ನಿಜ, ಆದರೆ ಉಜ್ಜಿದರೆ ನಾರು ಎದ್ದು ನಿಲ್ಲುತ್ತದೆ, ಆಮೇಲೆ ನಯ ಮಾಡುವುದು ಆಗದ ಮಾತು. ಮೊದಲು ಮರ ಪೂರ್ತಿ ಒಣಗಲಿ. ಒದ್ದೆ ಮರಕ್ಕೆ ಎಪಾಕ್ಸಿ (ಎರಡು ದ್ರವ ಬೆರೆಸಿದರೆ ಗಟ್ಟಿಯಾಗುವ ರಾಳ) ಕಚ್ಚುವುದಿಲ್ಲ. ಬಣ್ಣ ಕೆರೆದು, 80 ನಂಬರ್ ಉಪ್ಪುಕಾಗದದಲ್ಲಿ ತಿಕ್ಕಿ, ಚದರ ಮೀಟರಿಗೆ 200 ಗ್ರಾಂನ ಗ್ಲಾಸ್ ಬಟ್ಟೆ (ಗಾಜಿನ ನಾರಿನ ಬಟ್ಟೆ) ಎಪಾಕ್ಸಿಯಲ್ಲಿ ಕೂರಿಸಿ. ಮೂತಿಗೂ ಅಂಚುಗಳಿಗೂ ಇನ್ನೆರಡು ಪದರ, ಒಂದಕ್ಕಿಂತ ಒಂದು 2–3 ಸೆಂ.ಮೀ. ಅಗಲವಾಗಿ. ಪಾಲಿಯೆಸ್ಟರ್ ರಾಳ ಅಗ್ಗವೆಂದು ಹೋಗಬೇಡಿ, ಕಾಲಕ್ರಮೇಣ ಮರದಿಂದ ಬಿಟ್ಟುಕೊಳ್ಳುತ್ತದೆ.

ಉತ್ತರ 2: ಎಪಾಕ್ಸಿಯ ಕೊನೆಯ ಎರಡು ಕೋಟ್‌ಗೆ ಗಾತ್ರದಲ್ಲಿ ಸುಮಾರು ಶೇ. 10 ಗ್ರಾಫೈಟ್ ಪುಡಿ ಬೆರೆಸಿ. ಮರಳಿನ ಮೇಲೆ ಸಲೀಸಾಗಿ ಜಾರುತ್ತದೆ. ಪೆಟ್ಟು ಮಾತ್ರ ತಡೆಯದು, ಮೇಲೆ ಬಣ್ಣವೂ ಸರಿಯಾಗಿ ಹಿಡಿಯದು.

ಉತ್ತರ 3: ಕಲ್ಲಿನ ಪೆಟ್ಟಿಗೆ ಲೋಹದ ಪಟ್ಟಿಯೇ ಬೇಕು. ಕೆಡುವುದು ಸ್ಕ್ರೂ ತೂತಿನಿಂದ: ನೀರು ಅಲ್ಲೇ ಒಳಹೊಕ್ಕು ಪ್ಲೈ ಕೊಳೆಸುತ್ತದೆ. 4 ಮಿ.ಮೀ. ಸ್ಕ್ರೂಗೆ 8 ಮಿ.ಮೀ. ತೂತು ಕೊರೆದು, ಎಪಾಕ್ಸಿ ತುಂಬಿ, ಗಟ್ಟಿಯಾದ ಮೇಲೆ ನಡುವೆ ಮತ್ತೆ ಕೊರೆಯಿರಿ. ಪಟ್ಟಿಯಡಿ ಸೀಲಂಟ್ (ನೀರು ನುಗ್ಗದಂತೆ ಸಂದು ಮುಚ್ಚುವ ಮೆತ್ತನೆಯ ಅಂಟು) ಹಾಕಿ. ಎಪಾಕ್ಸಿಯಲ್ಲಿ ಅಂಟಿಸಿದರೆ ಮುಂದೆ ಬದಲಿಸಲಾಗದು. ಉಪ್ಪುನೀರಾದರೆ ಹಿತ್ತಾಳೆ ಸ್ಕ್ರೂ ಬೇಡ, ಸತು ಕರಗಿ ಪುಡಿಯಾಗುತ್ತದೆ. ಸಿಲಿಕಾನ್ ಕಂಚಿನ (ತಾಮ್ರಕ್ಕೆ ಸಿಲಿಕಾನ್ ಬೆರೆಸಿದ ಲೋಹ) ಸ್ಕ್ರೂ ಒಳ್ಳೆಯದು.

ಪ್ರಶ್ನೆ: ಪಟ್ಟಿ ಉದ್ದಕ್ಕೂ ಬೇಕೇ?

ಉತ್ತರ 3: ಮೂತಿಯಿಂದ ಮೂರನೇ ಒಂದು ಭಾಗ ಸಾಕು, ಹಿಂದೆ ನೆಲ ತಾಗುವಲ್ಲಿ ಒಂದು ತುಂಡು.