ಪ್ರೈಮರಿ ಚುನಾವಣೆಯ ಬೆಟ್ಟಿಂಗ್ ದರ ಓದುವುದು ಹೇಗೆ? (ಮಿಶಿಗನ್ 13ನೇ ಕ್ಷೇತ್ರ)

ಬೆಳಗಾವಿಯವ:
ನಾನು ಡೆಟ್ರಾಯ್ಟ್ ಹತ್ತಿರ ಇದ್ದೇನೆ, ಅಪ್ಪ ಊರಲ್ಲಿದ್ದಾರೆ. ಚಿಕ್ಕೋಡಿಯಲ್ಲಿ ಹುಟ್ಟಿ ಬೆಳಗಾವಿಯಲ್ಲಿ ಬೆಳೆದ ಶ್ರೀ ಥಾಣೇದಾರ್ ಇಲ್ಲಿನ ಸಂಸದರು. ಅದಕ್ಕೇ ಅಪ್ಪನಿಗೆ ಆಗಸ್ಟ್ 4, 2026ರ ಡೆಮಾಕ್ರಟಿಕ್ ಪ್ರೈಮರಿ (ಪಕ್ಷದ ಅಭ್ಯರ್ಥಿ ಯಾರು ಅಂತ ಮತದಾರರೇ ಆರಿಸುವ ಚುನಾವಣೆ) ಮೇಲೆ ಕಣ್ಣು. ಎದುರಿಗೆ ರಾಜ್ಯ ಶಾಸಕ ಡೊನಾವನ್ ಮೆಕಿನಿ ಇದ್ದಾರೆ. ಮೆಕಿನಿಗೆ ಸೆನೆಟರ್ ಬರ್ನಿ ಸ್ಯಾಂಡರ್ಸ್ ಬೆಂಬಲ ಇದೆ. ಯಾರು ಗೆಲ್ಲುತ್ತಾರೆ ಅಂತ ದುಡ್ಡು ಕಟ್ಟುವ ಕಾಲ್ಶಿ, ಪಾಲಿಮಾರ್ಕೆಟ್ ಎಂಬ ವೆಬ್‌ಸೈಟ್‌ಗಳ ದರಗಳನ್ನು ನೋಡಲು ಅಪ್ಪ ಈಗ ಕಲಿತಿದ್ದಾರೆ. "ಒಬ್ಬರಿಗೆ 60 ಅಂತ ಇದ್ದರೆ ನೂರಕ್ಕೆ 60 ಮತ ಅಂತಲೇ ಅಲ್ವಾ?" ಎಂದು ಕೇಳುತ್ತಾರೆ. ಅಲ್ಲ ಅಂತ ಗೊತ್ತು, ಬಿಡಿಸಿ ಹೇಳಲು ಬರುತ್ತಿಲ್ಲ.

ವೇಯ್ನ್ ಕೌಂಟಿ ಅಕ್ಕ:
ಇಲ್ಲಿನ ಪ್ರೈಮರಿಗಳಲ್ಲಿ ಮತ ಕೇಳುತ್ತಾ ಮನೆಮನೆ ತಿರುಗಿದವಳು ನಾನು, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

60 ಅಂದರೆ 60 ಸೆಂಟ್. ಗೆದ್ದರೆ ಒಂದು ಡಾಲರ್, ಸೋತರೆ ಸೊನ್ನೆ ಕೊಡುವ ಚೀಟಿಯ ಬೆಲೆ ಅದು. ಗೆಲ್ಲುವ ಸಾಧ್ಯತೆ ಎಷ್ಟು ಅಂತ ದುಡ್ಡು ಹಾಕಿದವರು ಹಾಕಿದ ಲೆಕ್ಕ. ಯಾರಿಗೆ ಎಷ್ಟು ಮತ ಬರುತ್ತೆ ಅನ್ನೋದು ಬೇರೆಯೇ ಮಾತು.

ನಿಮ್ಮ ಅಪ್ಪನಿಗೆ 2022ನ್ನೇ ತೋರಿಸಿ. ಆಗ ಒಂಬತ್ತು ಜನ ನಿಂತಿದ್ದರು. ಥಾಣೇದಾರ್ ಗೆದ್ದದ್ದು ನೂರಕ್ಕೆ ಸುಮಾರು 28 ಮತದಲ್ಲಿ! ಮಿಶಿಗನ್‌ನಲ್ಲಿ ಎರಡನೇ ಸುತ್ತು ಇಲ್ಲ, ಎಲ್ಲರಿಗಿಂತ ಜಾಸ್ತಿ ಬಂದರೆ ಸಾಕು. ಹಾಗಾಗಿ ದರಕ್ಕಿಂತ ಮೊದಲು ಮತಪತ್ರದಲ್ಲಿ ಎಷ್ಟು ಹೆಸರಿದೆ ಅಂತ ನೋಡಬೇಕು. ವಿರೋಧದ ಮತ ಹಂಚಿಹೋದರೆ ಹಾಲಿ ಸಂಸದರಿಗೆ ಅನುಕೂಲ. ಒಬ್ಬರ ಹಿಂದೆ ಒಟ್ಟಾದರೆ ಕಷ್ಟ.

2024ರಲ್ಲಿ ಆಡಂ ಹಾಲಿಯರ್ ಬಲವಾದ ಎದುರಾಳಿ. ಮತಪತ್ರದಲ್ಲಿ ಹೆಸರು ಬರಲು 1,000 ಮತದಾರರ ಸಹಿ ಬೇಕಿತ್ತು. ಪರಿಶೀಲನೆ ಮಾಡಿದಾಗ ಅಷ್ಟು ಸರಿಯಾದ ಸಹಿ ಉಳಿಯಲಿಲ್ಲ, ಅವರ ಹೆಸರೇ ಬರಲಿಲ್ಲ. ಆ ಸಲ ಥಾಣೇದಾರ್ ಅರ್ಧಕ್ಕಿಂತ ಜಾಸ್ತಿ ಮತ ಪಡೆದು ಗೆದ್ದರು. ಇಂಥ ಪ್ರೈಮರಿ ಎಷ್ಟೋ ಸಲ ಚುನಾವಣೆ ನಡೆಸುವ ಕೌಂಟಿ ಕ್ಲರ್ಕ್ ಕಚೇರಿಯಲ್ಲೇ ಅರ್ಧ ತೀರ್ಮಾನ ಆಗಿರುತ್ತದೆ.

ಸಂಖ್ಯೆಪ್ರಿಯ:
ಅಕ್ಕ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಒಟ್ಟು ಎಷ್ಟು ಡಾಲರ್ ವಹಿವಾಟು ಆಗಿದೆ ಅಂತ ದರದ ಜೊತೆಗೇ ತೋರಿಸುತ್ತಾರೆ. ಅದು ಕಡಿಮೆ ಇದ್ದರೆ ಒಬ್ಬರೇ ಕೆಲವು ಸಾವಿರ ಹಾಕಿ ದರ ಎತ್ತಬಹುದು. ಕೊಳ್ಳುವವರು 48 ಕೊಡ್ತೀವಿ, ಮಾರುವವರು 62 ಬೇಕು ಅಂತ ಕೂತಿದ್ದರೆ, ನಡುವಿನ 55ನ್ನು ನಂಬಬೇಡಿ.

ದೊಡ್ಡ ಮಾರುಕಟ್ಟೆಯೂ ತಪ್ಪುತ್ತದೆ. 2025ರ ನ್ಯೂಯಾರ್ಕ್ ಮೇಯರ್ ಪ್ರೈಮರಿಯಲ್ಲಿ ದರದಲ್ಲಿ ವಾರಗಟ್ಟಲೆ ಮಾಜಿ ಗವರ್ನರ್ ಕ್ಯುಮೊ ಅವರೇ ಮುಂದಿದ್ದರು, ಗೆದ್ದದ್ದು ಮಮ್ದಾನಿ. ಸಮೀಕ್ಷೆಯೂ ಅಷ್ಟೇ. 2018ರಲ್ಲಿ ನ್ಯೂಯಾರ್ಕ್ 14ನೇ ಕ್ಷೇತ್ರದ ಪ್ರೈಮರಿಯಲ್ಲಿ ಆಗಿನ ಸಂಸದ ಕ್ರೌಲಿ ಅವರ ಕಡೆಯವರದೇ ಸಮೀಕ್ಷೆ ಅವರು 36 ಅಂಕ ಮುಂದೆ ಅಂದಿತ್ತು. ಎದುರಾಳಿ ಒಕಾಸಿಯೊ-ಕೊರ್ಟೆಜ್ ಆರಾಮಾಗಿ ಗೆದ್ದರು. ಬಿದ್ದ ಒಟ್ಟು ಮತ 30,000 ಕೂಡ ದಾಟಲಿಲ್ಲ. ಇಷ್ಟು ಕಡಿಮೆ ಜನ ಮತ ಹಾಕುವ ಕಡೆ ಯಾರು ಬರುತ್ತಾರೆ ಅಂತ ಊಹಿಸುವುದೇ ಕಷ್ಟ.

ವೇಯ್ನ್ ಕೌಂಟಿ ಅಕ್ಕ:
ಒಪ್ಪುತ್ತೇನೆ. ಆದರೂ ದರವನ್ನು ಪೂರ್ತಿ ತಳ್ಳಿಹಾಕಲಾರೆ. ಯಾರಾದರೂ ಕಣದಿಂದ ಹಿಂದೆ ಸರಿದರೆ ಕೆಲವೇ ನಿಮಿಷದಲ್ಲಿ ದರ ಅಲುಗಾಡುತ್ತದೆ. ಅಂಥ ಜಿಗಿತ ಕಂಡಾಗ ಏನಾಯಿತು ಅಂತ ಸುದ್ದಿ ಹುಡುಕಿ.

ಬೆಳಗಾವಿಯವ:
ತುಂಬಾ ಥ್ಯಾಂಕ್ಸ್ ಅಕ್ಕಾ, ಸರ್. ಇನ್ನೊಂದು. ಅಪ್ಪ ಊರಿಂದಲೇ ಒಂದಿಷ್ಟು ದುಡ್ಡು ಹಾಕಲಾ ಅಂತಿದ್ದಾರೆ.

ಸಂಖ್ಯೆಪ್ರಿಯ:
ದಯವಿಟ್ಟು ಬೇಡ ಅನ್ನಿ. ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನು ಆಗಸ್ಟ್ 2025ರಲ್ಲೇ ಭಾರತದ ಸಂಸತ್ತಿನಲ್ಲಿ ಪಾಸಾಗಿದೆ. ಅವರ ದುಡ್ಡು ಅವರ ಹತ್ತಿರವೇ ಇರಲಿ.

ವೇಯ್ನ್ ಕೌಂಟಿ ಅಕ್ಕ:
ಇಡೀ ಕ್ಷೇತ್ರ ವೇಯ್ನ್ ಕೌಂಟಿಯೊಳಗೇ ಇದೆ. ಹಾಗಾಗಿ ಫಲಿತಾಂಶಕ್ಕೆ ಕೌಂಟಿ ಕ್ಲರ್ಕ್ ವೆಬ್‌ಸೈಟ್ ಒಂದು ಸಾಕು, ಆ ಲಿಂಕನ್ನೇ ಅಪ್ಪನಿಗೆ ಕಳಿಸಿ. ಇಲ್ಲಿ ಮತದಾನ ರಾತ್ರಿ 8ಕ್ಕೆ ಮುಗಿಯುತ್ತದೆ. ಬೆಳಗಾವಿಯಲ್ಲಿ ಆಗ ಮರುದಿನ ಬೆಳಗ್ಗೆ 5:30.