ಪದ ಬೇಕು (ತುರ್ತು): ಐವ್ಸ್ ಹಸ್ತಪ್ರತಿ ಫಲಕಕ್ಕೆ ಸ್ಕೆಚ್, ಪ್ಯಾಚ್, ಫುಲ್ ಸ್ಕೋರ್

ಎಲ್ಲರಿಗೂ ನಮಸ್ಕಾರ.
ಅಮೆರಿಕದ ರಚನಕಾರ ಚಾರ್ಲ್ಸ್ ಐವ್ಸ್ (1874–1954) ಕುರಿತ ಪ್ರದರ್ಶನದ ಕನ್ನಡ ಫಲಕ ನಾಳೆ ಸಂಜೆ ಅಚ್ಚಿಗೆ ಹೋಗಬೇಕು. ಹಸ್ತಪ್ರತಿಗಳು ಯೇಲ್ ವಿಶ್ವವಿದ್ಯಾಲಯದಲ್ಲಿವೆ, ಪತ್ನಿ ಹಾರ್ಮನಿ 1955ರಲ್ಲಿ ಕೊಟ್ಟದ್ದು. ಹಸ್ತಪ್ರತಿಗಳ ಪಟ್ಟಿಯಲ್ಲಿ ಒಂದೇ ಕೃತಿಗೆ ಸ್ಕೆಚ್, ಸ್ಕೋರ್-ಸ್ಕೆಚ್ (ವಾದ್ಯಕ್ಕೊಂದು ಸಾಲಿನಂತೆ ಬರೆದ ಕರಡು), ಪ್ಯಾಚ್, ಫುಲ್ ಸ್ಕೋರ್ ಎಂದೆಲ್ಲ ಇದೆ. ಕನ್ನಡದಲ್ಲಿ ಸದ್ಯಕ್ಕೆ ಹಾಕಿರುವುದು, ಅದೇ ಕ್ರಮದಲ್ಲಿ: ಕರಡು, ಸ್ವರಪ್ರಸ್ತಾರದ ಕರಡು, ತೇಪೆ, ಪೂರ್ಣ ಸ್ವರಪ್ರಸ್ತಾರ. ಎರಡು ಪದ ಮೀರಿದರೆ ಫಲಕದಲ್ಲಿ ಹಿಡಿಯದು.
— ಎಂ.

ಸ್ವರಪ್ರಸ್ತಾರ ಬೇಡ. ಛಂದಸ್ಸಿನಲ್ಲಿ ಪ್ರಸ್ತಾರ ಅಂದರೆ ಲಘು ಗುರು ಹಾಕುವುದು. ಸಂಗೀತದವರಿಗೆ ಅದು ಒಂದೇ ಸಾಲಿನ ಸ್ವರ. ಇಲ್ಲಿ ಇಪ್ಪತ್ತು ವಾದ್ಯಗಳ ಸಾಲು ಒಂದರ ಕೆಳಗೊಂದು ನಿಂತಿರುತ್ತವೆ. 'ಸ್ಕೋರ್' ಎಂದು ಬಿಟ್ಟರೆ ಜನ ರನ್ ಎಷ್ಟು ಅಂತ ಕೇಳುತ್ತಾರೆ. ಮೇಳಪ್ರತಿ, ಮೇಳಗರಡು ಎನ್ನಿ.
— ಕೆ.ವಿ.

ಮೇಳ ಸಂಸ್ಕೃತ, ಕರಡು ಅಚ್ಚಗನ್ನಡ (ತಮಿಳಿನ ಕರಡು ನೋಡಿ, ಒರಟು). ಎರಡನ್ನು ಬೆರೆಸಿದರೆ ಅರಿಸಮಾಸ, ವ್ಯಾಕರಣಕ್ಕೆ ಒಗ್ಗದು. ಓದಿದವರು ಗರಡಿಮನೆ ಎಂದುಕೊಂಡಾರು.
— ಎಸ್.

ಮಳೆ ಕನ್ನಡ, ಕಾಲ ಸಂಸ್ಕೃತ. ಮಳೆಗಾಲ ಬಿಡುತ್ತೀರಾ?
— ಕೆ.ವಿ.

ಸಮಾಸ ಆಮೇಲೆ. 'ತೇಪೆ' ನೋಡಿದವರು ಅಂಟಿಸಿದ ಚೀಟಿ ಹುಡುಕುತ್ತಾರೆ. ಐವ್ಸ್ ಪಟ್ಟಿಗಳಲ್ಲಿ ಪ್ಯಾಚ್ ಎಂದರೆ ದೊಡ್ಡ ಪ್ರತಿಯ ಯಾವುದೋ ಜಾಗಕ್ಕೆ ಬದಲಿಯಾಗಿಯೋ ಹೆಚ್ಚುವರಿಯಾಗಿಯೋ ಬರೆದ ತುಣುಕು. ಅದು ಅಂಚಿನಲ್ಲಿರಬಹುದು, ಬೇರೆ ಕೃತಿಯ ಹಾಳೆಯ ಖಾಲಿ ಸಾಲಿನಲ್ಲೂ ಇರಬಹುದು. 'ಸೇರಿಕೆ' ಸಾಕು.

'ಪೂರ್ಣ' ಇನ್ನೂ ಅಪಾಯ. ಫುಲ್ ಸ್ಕೋರ್ ಎಂದರೆ ಎಲ್ಲ ವಾದ್ಯಗಳೂ ಇರುವ ಪ್ರತಿ, ಎಲ್ಲ ಪುಟಗಳೂ ಇರುವ ಪ್ರತಿ ಅಲ್ಲ. 'ಥ್ರೀ ಪ್ಲೇಸಸ್ ಇನ್ ನ್ಯೂ ಇಂಗ್ಲೆಂಡ್' ಕೃತಿಯನ್ನೇ ತೆಗೆದುಕೊಳ್ಳಿ. ವೃಂದ ನಿರ್ದೇಶಕ ನಿಕೊಲಸ್ ಸ್ಲೊನಿಮ್ಸ್ಕಿಯ ಸಣ್ಣ ವಾದ್ಯವೃಂದಕ್ಕಾಗಿ ಐವ್ಸ್ 1929ರಲ್ಲಿ ಅದನ್ನು ತಿದ್ದಿ ಬರೆದರು, 1931ರಲ್ಲಿ ನ್ಯೂಯಾರ್ಕಿನಲ್ಲಿ ಸ್ಲೊನಿಮ್ಸ್ಕಿ ಅದನ್ನು ನುಡಿಸಿದರು. ಹಿಂದಿನ ದೊಡ್ಡ ವೃಂದದ ಪ್ರತಿಯ ಪುಟಗಳು ಎಲ್ಲವೂ ಉಳಿದಿಲ್ಲ. ಐವ್ಸ್ ವಿದ್ವಾಂಸ ಜೇಮ್ಸ್ ಸಿಂಕ್ಲೇರ್ 1970ರ ದಶಕದಲ್ಲಿ ಉಳಿದ ಪುಟಗಳನ್ನೂ 1929ರ ಪ್ರತಿಯನ್ನೂ ಇಟ್ಟುಕೊಂಡು ಆ ದೊಡ್ಡ ಪ್ರತಿಯನ್ನು ಮತ್ತೆ ಕಟ್ಟಬೇಕಾಯಿತು. ಪುಟಗಳೇ ಕಳೆದುಹೋದದ್ದರ ಕೆಳಗೆ 'ಪೂರ್ಣ' ಎಂದು ಹಾಕಿ ನಗೆಪಾಟಲಾಗಬೇಡಿ. ಬರೀ 'ಮೇಳಪ್ರತಿ'.

ಇಸವಿಯನ್ನು ಕೃತಿಗಲ್ಲ, ಹಂತಕ್ಕೆ ಹಾಕಿ. ಐವ್ಸ್ ಹಳೆಯ ಪ್ರತಿಯ ಮೇಲೂ ಫೋಟೋಸ್ಟಾಟ್ ಮೇಲೂ ವರ್ಷಗಳ ನಂತರ ಪೆನ್ಸಿಲಿನಲ್ಲಿ ತಿದ್ದಿದವರು. ಕೆಲವು ಇಸವಿಗಳನ್ನೇ ಹಿಂದಕ್ಕೆ ತಳ್ಳಿದರೆಂಬ ಗುಮಾನಿಯನ್ನು ಸಂಗೀತ ವಿದ್ವಾಂಸ ಮೇನಾರ್ಡ್ ಸಾಲೊಮನ್ 1987ರಲ್ಲಿ ಎತ್ತಿದರು. ಆಮೇಲೆ ಇನ್ನೊಬ್ಬ ವಿದ್ವಾಂಸೆ ಗೇಲ್ ಶೆರ್ವುಡ್ ಕಾಗದದ ಬಗೆ, ಕೈಬರಹ ನೋಡಿ ಕಾಲ ಪತ್ತೆಹಚ್ಚಿದರು. ಫಲಕದಲ್ಲಿ ಶಾಯಿ ಯಾವುದು, ಪೆನ್ಸಿಲ್ ಯಾವುದು ಅಂತ ಹೇಳದಿದ್ದರೆ ಈ ಜಗಳ ಯಾರಿಗೂ ಅರ್ಥವಾಗದು.
— ಆರ್.

ಫೋಟೋಸ್ಟಾಟ್ ಯಾಕೆ? ನೆರಳಚ್ಚು ಇದೆಯಲ್ಲ. 'ದಫ್ತರ' ಎಂದೂ ಹಾಕಿಬಿಟ್ಟೀರಿ, ಕಡತ ಎನ್ನಿ.
— ಎಸ್.

ನೆರಳಚ್ಚು ಜೆರಾಕ್ಸಿಗೆ ಸರಿ. ಹಳೆಯ ಫೋಟೋಸ್ಟಾಟಿನ ಮೊದಲ ಪ್ರತಿ ಕಪ್ಪು ಹಾಳೆ, ಬಿಳಿ ಗೆರೆ. ಎರಡೂ ಒಂದೇ ಅಲ್ಲ. ಕಡತ ಎಂದರೆ ಮೂಲದಲ್ಲಿ ಹುಣಸೆಬೀಜದ ಅಂಟೂ ಇದ್ದಿಲೂ ಬಳಿದ ಬಟ್ಟೆ, ಬಳಪದಲ್ಲಿ ಬರೆದು ಅಳಿಸುವಂಥದ್ದು. ಐವ್ಸ್ ಅಳಿಸಿದ್ದಕ್ಕಿಂತ ಮೇಲೆ ಮೇಲೆ ಬರೆದದ್ದೇ ಹೆಚ್ಚು. ದಫ್ತರ ಪಾರಸಿಯಿಂದ ಬಂತು, ಅದರ ಬೇರು ಗ್ರೀಕಿನ ತೊಗಲಿನಲ್ಲಿದೆ. ಹೊರಗಿನದು ಬೇಡ ಎನ್ನುವುದಾದರೆ ಕಾಗದವನ್ನೂ ಬಿಡಬೇಕಾಗುತ್ತದೆ.
— ಕೆ.ವಿ.

ಓಲೆ ಇದೆ.
— ಎಸ್.

ಕರಡು, ಮೇಳಗರಡು, ಸೇರಿಕೆ, ಮೇಳಪ್ರತಿ. ಫೋಟೋಸ್ಟಾಟ್ ಹಾಗೇ ಇರಲಿ. ಕಳಿಸುತ್ತಿದ್ದೇನೆ. ಓಲೆಯ ಚರ್ಚೆಗೆ ದಯವಿಟ್ಟು ಬೇರೆ ವಿಷಯಸಾಲು ತೆಗೆಯಿರಿ.
— ಎಂ.