ಮೊದಲು ಎಸ್‌ಎಂಪಿಎಸ್ಸಾ, ಕೂಲರ್ರಾ?

ರಾತ್ರಿಪಾಳಿ:
ನನ್ನ ಸಿಸ್ಟಮ್: ಐ5-10400, ಎಚ್410 ಬೋರ್ಡ್, 16 ಜಿಬಿ ರ‍್ಯಾಮ್. ಎಸ್‌ಎಂಪಿಎಸ್ (ಇಡೀ ಸಿಸ್ಟಮ್‌ಗೆ ಕರೆಂಟ್ ಕೊಡುವ ಡಬ್ಬಿ) ಕ್ಯಾಬಿನೆಟ್ ಜೊತೆಗೇ ಬಂದ 450 ವ್ಯಾಟ್‌ನದ್ದು. ಹೋದ ವಾರ ಸೆಕೆಂಡ್ ಹ್ಯಾಂಡ್ ಆರ್‌ಎಕ್ಸ್ 6600 ಗ್ರಾಫಿಕ್ಸ್ ಕಾರ್ಡ್ ಹಾಕಿದೆ, ಅಲ್ಲಿಂದ ಶುರುವಾಯ್ತು ತಾಪತ್ರಯ. ಗೇಮ್ ಹತ್ತು ನಿಮಿಷ ಚೆನ್ನಾಗಿ ಓಡುತ್ತದೆ, ಆಮೇಲೆ ಫಟ್ ಅಂತ ಆಫ್. ನೀಲಿ ಪರದೆ ಇಲ್ಲ, ಎರರ್ ಇಲ್ಲ. ಆಫ್ ಆಗುವ ಮುಂಚೆ ಪ್ರೊಸೆಸರ್ 92 ಡಿಗ್ರಿ ತೋರಿಸುತ್ತಿತ್ತು. ಕೂಲರ್ ಪ್ರೊಸೆಸರ್ ಬಾಕ್ಸಿನಲ್ಲಿ ಬಂದದ್ದೇ. ಸದ್ಯಕ್ಕೆ ಎರಡರಲ್ಲಿ ಒಂದನ್ನು ಮಾತ್ರ ಬದಲಿಸಬಲ್ಲೆ. ಎಎಂಡಿಯವರು ಈ ಕಾರ್ಡಿಗೆ ಕನಿಷ್ಠ 450 ವ್ಯಾಟ್ ಅಂದಿದ್ದಾರೆ, ನನ್ನದೂ 450. ಹಾಗಾಗಿ ಕೂಲರ್ ತಗೊಳ್ಳೋಣ ಅಂತಿದ್ದೇನೆ. ಸರೀನಾ?

ಸದ್ದಿಲ್ಲದ ಫ್ಯಾನ್:
ಸರಿ. 92 ಅನ್ನೋದು ಕಣ್ಣಿಗೆ ಕಾಣುವ ಅಂಕಿ. ಎಸ್‌ಎಂಪಿಎಸ್ ಹಾಳಾಗಿದೆ ಅನ್ನೋದು ಬರೀ ಊಹೆ. ಬಾಕ್ಸ್ ಕೂಲರ್ ಗೇಮಿಂಗ್‌ಗೆ ಅಂತ ಮಾಡಿದ್ದಲ್ಲ. ಒಂದು ಟವರ್ ಕೂಲರ್ ಹಾಕಿ, ಮುಗೀತು.

ಮಲ್ಟಿಮೀಟರ್:
ಅಷ್ಟು ಬೇಗ ಮುಗಿಸಬೇಡಿ. ಈ ಪ್ರೊಸೆಸರ್‌ನ ಗಡಿ 100 ಡಿಗ್ರಿ. ಅಲ್ಲಿಗೆ ಹೋದರೂ ಅದು ಮೊದಲು ತನ್ನ ವೇಗ ಇಳಿಸಿಕೊಳ್ಳುತ್ತದೆ. ಗೇಮ್ ಕುಂಟುತ್ತದೆ, ಫ್ಯಾನ್ ಅರಚುತ್ತದೆ. ಅದನ್ನೂ ಮೀರಿ ಕಾದರೆ ಮಾತ್ರ ಆಫ್. ಇವರಿಗೆ ಕುಂಟಿದ್ದೇ ಇಲ್ಲ, ನೇರವಾಗಿ ಕತ್ತಲೆ. ನನಗೇನೋ ಪವರ್ ಮೇಲೆ ಅನುಮಾನ.
ರಾತ್ರಿಪಾಳಿ, ಎಸ್‌ಎಂಪಿಎಸ್ ಪಕ್ಕದ ಸ್ಟಿಕ್ಕರ್ ನೋಡಿ. ದೊಡ್ಡ ಅಕ್ಷರದ 450 ಬಿಡಿ. 12 ವೋಲ್ಟ್ ಕೆಳಗೆ ಎಷ್ಟು ಆಂಪಿಯರ್ ಬರೆದಿದೆ?

ರಾತ್ರಿಪಾಳಿ:
18 ಅಂತಿದೆ. ಇನ್ನೊಂದು, ವಿಂಡೋಸ್ ದಾಖಲೆ ತೋರಿಸುವ ಈವೆಂಟ್ ವ್ಯೂವರ್‌ನಲ್ಲಿ ಪ್ರತಿ ಸಲ ಕರ್ನಲ್-ಪವರ್ 41 ಅಂತ ಬಂದಿದೆ. ಅಂದ್ರೆ ಪವರ್ ಸಮಸ್ಯೆಯೇ ಅಲ್ವಾ?

ಮಲ್ಟಿಮೀಟರ್:
ನನ್ನ ವಾದಕ್ಕೆ ಅನುಕೂಲವೇ, ಆದರೂ ಹೇಳಿಬಿಡ್ತೀನಿ: 41ರಿಂದ ಏನೂ ಸಾಬೀತಾಗಲ್ಲ. ಸರಿಯಾಗಿ ಶಟ್‌ಡೌನ್ ಆಗದೆ ಸಿಸ್ಟಮ್ ನಿಂತಿತು ಅಂತ ಅಷ್ಟೇ ಅದರ ಅರ್ಥ. ನೀವೇ ಪ್ಲಗ್ ಕಿತ್ತರೂ ಅದೇ ಬರುತ್ತದೆ.
18 ಆಂಪಿಯರ್ ಮಾತ್ರ ದೊಡ್ಡ ಸುಳಿವು. 12ನ್ನು 18ರಿಂದ ಗುಣಿಸಿ, 216 ವ್ಯಾಟ್. ನಿಮ್ಮ 450ರಲ್ಲಿ ಕೆಲಸಕ್ಕೆ ಬರುವುದು ಇಷ್ಟೇ. ಉಳಿದದ್ದನ್ನು 3.3 ಮತ್ತು 5 ವೋಲ್ಟ್ ಸಾಲಿಗೆ ಹಂಚಿ ಲೆಕ್ಕ ತುಂಬಿಸಿದ್ದಾರೆ. ಈಗಿನ ಸಿಸ್ಟಮ್‌ಗಳು ಆ ಸಾಲುಗಳಿಂದ ಎಳೆಯುವುದು ಬಹಳ ಕಡಿಮೆ. ಪ್ರೊಸೆಸರ್, ಕಾರ್ಡ್ ಎರಡೂ ಬದುಕುವುದು 12 ವೋಲ್ಟ್ ಮೇಲೆ. ಕಾರ್ಡಿಗೆ 132 ವ್ಯಾಟ್. ಪ್ರೊಸೆಸರ್ ಹೆಸರಿಗೆ 65, ಆದರೆ ಟರ್ಬೊದಲ್ಲಿ, ಅಂದ್ರೆ ತಾನೇ ವೇಗ ಏರಿಸಿಕೊಂಡಾಗ, ಸ್ವಲ್ಪ ಹೊತ್ತು 134ರ ತನಕ ಹೋಗಬಹುದು. ಕೂಡಿಸಿ ನೋಡಿ. ಎಎಂಡಿಯವರು 450 ಅಂದದ್ದು ನಿಜವಾದ 450ಕ್ಕೆ.

ಹಳೇ ಕ್ಯಾಬಿನೆಟ್:
ಶುರು ಮಾಡಿದ್ರಲ್ಲ ಹೆದರಿಸೋಕೆ. ನನ್ನ ಹತ್ತಿರ ಇಂಥದ್ದೇ ಹೆಸರಿಲ್ಲದ ಡಬ್ಬಿ ಎಂಟು ವರ್ಷದಿಂದ ಓಡ್ತಿದೆ. ಒಂದು ದಿನ ಕೈ ಕೊಟ್ಟಿಲ್ಲ. ದೊಡ್ಡ ಎಸ್‌ಎಂಪಿಎಸ್ ಹಾಕಿದ್ರೆ ಕರೆಂಟ್ ಬಿಲ್ ಜಾಸ್ತಿ ಬರುತ್ತೆ, ಅದನ್ನ ಯಾಕೆ ಹೇಳಲ್ಲ?

ಮಲ್ಟಿಮೀಟರ್:
ನಿಮ್ಮ ಸಿಸ್ಟಮ್‌ನಲ್ಲಿ ಗ್ರಾಫಿಕ್ಸ್ ಕಾರ್ಡ್ ಯಾವುದು ಸರ್?

ಹಳೇ ಕ್ಯಾಬಿನೆಟ್:
ಕಾರ್ಡ್ ಇಲ್ಲ. ನಾನು ಗೇಮ್ ಆಡಲ್ಲ, ಲೆಕ್ಕ ಬರೀತೀನಿ.

ಮಲ್ಟಿಮೀಟರ್:
ಹಾಗಾದ್ರೆ ಆ ಡಬ್ಬಿಗೆ ಎಂಟು ವರ್ಷದಿಂದ ರಜೆಯೇ. ನಗಬೇಡಿ, ನಿಮ್ಮ ಕೆಲಸಕ್ಕೆ ಅದು ಸಾಕು.
ಬಿಲ್ ಮಾತು ತಪ್ಪು. ಸಿಸ್ಟಮ್ ಎಷ್ಟು ಕೇಳುತ್ತದೋ ಎಸ್‌ಎಂಪಿಎಸ್ ಅಷ್ಟನ್ನೇ ಎಳೆಯುತ್ತದೆ, ಜೊತೆಗೆ ಬಿಸಿಯಾಗಿ ಸೋರುವಷ್ಟು. ಒಳಗೆ 300 ವ್ಯಾಟ್ ಬೇಕಾದಾಗ 80 ಶೇಕಡಾ ದಕ್ಷತೆಯದ್ದು ಗೋಡೆಯಿಂದ 375 ಎಳೆಯುತ್ತದೆ, 90 ಶೇಕಡಾದ್ದು 333. ಒಳ್ಳೆಯದು ಹಾಕಿದರೆ ಬಿಲ್ ಇಳಿಯುತ್ತದೆಯೇ ಹೊರತು ಏರಲ್ಲ.

ಧೂಳುಮಾಮ:
ನಡುವೆ ಒಂದು ಮಾತು. ಎಸ್‌ಎಂಪಿಎಸ್ ಮೇಲೆ ಕಾಣುವ, 2004ರಲ್ಲಿ ಶುರುವಾದ 80 ಪ್ಲಸ್ ಗುರುತು ಅಳೆಯುವುದು ಮುಖ್ಯವಾಗಿ ಈ ದಕ್ಷತೆಯನ್ನು. ಶಾರ್ಟ್ ಆದರೆ, ಲೋಡ್ ಮೀರಿದರೆ ಬೇಗ ಆಫ್ ಆಗುತ್ತದಾ ಅನ್ನೋದನ್ನು ಅದು ಹೇಳಲ್ಲ. ಗುರುತು ನೋಡಿ ಸುಮ್ನೆ ತಗೋಬೇಡಿ, ಒಳಗೆ ಬಿಚ್ಚಿ ಪರೀಕ್ಷೆ ಮಾಡಿದ ವಿಮರ್ಶೆ ಓದಿ.

ಸದ್ದಿಲ್ಲದ ಫ್ಯಾನ್:
ಎಲ್ಲ ಸರಿ, ಆದರೆ ಇದೆಲ್ಲ ಕಾಗದದ ಮೇಲಿನ ಲೆಕ್ಕ. ಬಿಸಿಯಿಂದಲೇ ಆಫ್ ಆಗ್ತಿಲ್ಲ ಅಂತ ಹೇಗೆ ಹೇಳ್ತೀರಿ?

ಮಲ್ಟಿಮೀಟರ್:
ನ್ಯಾಯವಾದ ಪ್ರಶ್ನೆ. ಬೇರೆ ಬೇರೆ ಮಾಡಿ ನೋಡೋಣ. ರಾತ್ರಿಪಾಳಿ, ಮೊದಲು ಪ್ರೊಸೆಸರ್ ಒಂದಕ್ಕೇ ಅರ್ಧ ಗಂಟೆ ಪೂರ್ತಿ ಲೋಡ್ ಕೊಡಿ. ಸಿನೆಬೆಂಚ್ ಅನ್ನೋ ಪರೀಕ್ಷಾ ಪ್ರೋಗ್ರಾಮ್ ಆಗಬಹುದು. ಕಾರ್ಡ್ ಖಾಲಿ ಇರಲಿ. 95 ತೋರಿಸಿದರೂ ಆಫ್ ಆಗದಿದ್ದರೆ, ಫಟ್ ಅನ್ನುವುದಕ್ಕೆ ಪ್ರೊಸೆಸರ್ ಬಿಸಿ ಕಾರಣ ಅಲ್ಲ. ಆಮೇಲೆ ಕಾರ್ಡ್ ಒಂದಕ್ಕೇ. ಕೊನೆಗೆ ಎರಡೂ ಒಟ್ಟಿಗೆ.

ರಾತ್ರಿಪಾಳಿ:
ಮೊದಲನೆಯದು ಮುಗೀತು. ಮೂವತ್ತು ನಿಮಿಷ. 94ಕ್ಕೆ ಹೋಗಿ ಅಲ್ಲೇ ನಿಂತಿತು. ಆಫ್ ಆಗಲಿಲ್ಲ. ಈಗ ಕಾರ್ಡ್ ಪರೀಕ್ಷೆ ಶುರು ಮಾಡ್ತೀನಿ.

ಧೂಳುಮಾಮ:
ತಡೀರಿ ತಡೀರಿ. 18 ಆಂಪಿಯರ್ ಡಬ್ಬಿಯಲ್ಲಿ 8 ಪಿನ್ ಕೇಬಲ್ ಇರೋದೇ ಅಪರೂಪ. ಕಾರ್ಡಿಗೆ ಕನೆಕ್ಷನ್ ಎಲ್ಲಿಂದ ಕೊಟ್ಟಿದ್ದೀರಿ?

ರಾತ್ರಿಪಾಳಿ:
ಕನ್ವರ್ಟರ್ ಹಾಕಿದ್ದೇನೆ. ಹಾರ್ಡ್ ಡಿಸ್ಕಿಗೆ ಹಾಕುವ ಎರಡು ಸಾಟಾ ಪವರ್ ತುದಿಯಿಂದ ಒಂದು 8 ಪಿನ್. ಅದರಲ್ಲಿ ತಪ್ಪೇನಿದೆ?

ಧೂಳುಮಾಮ:
ಪರೀಕ್ಷೆ ಬೇಡ. ಈಗಲೇ ಆಫ್ ಮಾಡಿ, ಗೋಡೆಯ ಪ್ಲಗ್ ತೆಗೆಯಿರಿ. ಆ ಸಾಟಾ ತುದಿಗಳನ್ನು ಬಿಚ್ಚಿ ಬೆಳಕಿಗೆ ಹಿಡಿದು ನೋಡಿ.

ರಾತ್ರಿಪಾಳಿ:
ನೋಡಿದೆ. ಒಂದರಲ್ಲಿ ಹಳದಿ ವೈರ್ ಸೇರುವ ಕಡೆ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿದೆ. ಅಂಚು ಸ್ವಲ್ಪ ಮೆತ್ತಗಾಗಿ ಉಬ್ಬಿದೆ. ಮೂಗಿನ ಹತ್ತಿರ ಹಿಡಿದರೆ ಸುಟ್ಟ ವಾಸನೆ. ಎರಡೂ ತುದಿ ಒಂದೇ ಕೇಬಲ್‌ನಿಂದ ಬಂದಿವೆ.

ಧೂಳುಮಾಮ:
ಸಾಟಾ ಪವರ್‌ನಲ್ಲಿ 12 ವೋಲ್ಟಿಗೆ ಇರುವುದು ಮೂರು ಪಿನ್, ಒಂದೊಂದಕ್ಕೆ ಒಂದೂವರೆ ಆಂಪಿಯರ್. ನಾಲ್ಕೂವರೆ ಆಂಪಿಯರ್, 54 ವ್ಯಾಟ್. ಹಾರ್ಡ್ ಡಿಸ್ಕಿಗೆ ಅದು ಧಾರಾಳ. 8 ಪಿನ್ ಅಂದರೆ 150 ವ್ಯಾಟ್ ಹೊರಬೇಕಾದದ್ದು. ಕಾರ್ಡ್ ಸ್ಲಾಟ್‌ನಿಂದಲೂ ಒಂದಿಷ್ಟು ಎಳೆಯುತ್ತದೆ, ನಿಜ. ಆದರೂ ನಿಮ್ಮ ಎರಡು ತುದಿ ಒಂದೇ ತೆಳು ವೈರ್ ಹಂಚಿಕೊಂಡಿವೆ. ಆಫ್ ಆಗ್ತಿದ್ದದ್ದೇ ಪುಣ್ಯ, ಆಗದಿದ್ದರೆ ಹತ್ತಿಕೊಳ್ಳುತ್ತಿತ್ತು.

ಸದ್ದಿಲ್ಲದ ಫ್ಯಾನ್:
ಸರಿ, ದುಡ್ಡು ಎಸ್‌ಎಂಪಿಎಸ್ಸಿಗೇ ಹೋಗಲಿ, ಒಪ್ಪಿದೆ. ಆದರೆ 94 ಅನ್ನೋದನ್ನು ನಾನು ಬಿಡಲ್ಲ. ಬಾಕ್ಸ್ ಕೂಲರ್ ಎಷ್ಟೇ ಬಡವಾದರೂ 65 ವ್ಯಾಟ್ ಚಿಪ್ಪಿಗೆ ಅಷ್ಟು ಬರಬಾರದು. ಕೂಲರ್‌ನ ನಾಲ್ಕು ಕಾಲು ಬೆರಳಲ್ಲಿ ಅಲ್ಲಾಡಿಸಿ ನೋಡಿ.

ರಾತ್ರಿಪಾಳಿ:
ರ‍್ಯಾಮ್ ಪಕ್ಕದ ಕಾಲು ಎದ್ದು ಬರ್ತಿದೆ!

ಸದ್ದಿಲ್ಲದ ಫ್ಯಾನ್:
ಸಿಕ್ಕಿಬಿತ್ತು. ಪೂರ್ತಿ ತೆಗೆದು ಕೂರಿಸಿ. ಪ್ರೊಸೆಸರ್ ಬಿಸಿಯನ್ನು ಕೂಲರ್‌ಗೆ ದಾಟಿಸುವ ಹಳೆಯ ಪೇಸ್ಟ್ ಒಣಗಿರುತ್ತದೆ, ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಒರೆಸಿ, ನಡುವೆ ಒಂದು ಕಾಳಿನಷ್ಟು ಹೊಸದು ಹಾಕಿ. ಕಾಲಿನ ತಲೆ ಬಾಣದ ಕಡೆ ತಿರುಗಿಸಿದರೆ ಬಿಚ್ಚುತ್ತದೆ. ಹಾಕುವಾಗ ಅದನ್ನು ವಾಪಸ್ ತಿರುಗಿಸಿ, ಎದುರುಬದುರು ಮೂಲೆ ಒಟ್ಟಿಗೆ ಒತ್ತಿ. ಟಕ್ ಅನ್ನಬೇಕು. ಬೋರ್ಡಿನ ಹಿಂದಿನಿಂದ ನೋಡಿದರೆ ನಾಲ್ಕೂ ಕಡೆ ಬಿಳಿ ಕವಲಿನ ನಡುವೆ ಕಪ್ಪು ಕಡ್ಡಿ ಕಾಣಬೇಕು. ಟವರ್ ಕೂಲರ್ ಆಮೇಲೆ ನೋಡೋಣ.

ಧೂಳುಮಾಮ:
ಆಮೇಲೂ ಅವಸರ ಬೇಡ. ಇಂಥ ಅಗ್ಗದ ಬೋರ್ಡಿನಲ್ಲಿ ವಿಆರ್‌ಎಂ (ಪ್ರೊಸೆಸರ್‌ಗೆ ಬೇಕಾದ ವೋಲ್ಟ್ ಇಳಿಸಿಕೊಡುವ ಭಾಗ) ಮೇಲೆ ಹೀಟ್‌ಸಿಂಕ್ ಇರೋದು ಕಡಿಮೆ. ಬಾಕ್ಸ್ ಕೂಲರ್ ಗಾಳಿಯನ್ನು ಕೆಳಗೆ ಊದುತ್ತದೆ, ಆ ಗಾಳಿ ಸುತ್ತ ಹರಡಿ ವಿಆರ್‌ಎಂಗೂ ತಾಗುತ್ತದೆ. ಟವರ್ ಊದುವುದು ಅಡ್ಡಕ್ಕೆ. ಪ್ರೊಸೆಸರ್ ತಣ್ಣಗಿದ್ದೂ ವಿಆರ್‌ಎಂ ಕಾದು ಪ್ರೊಸೆಸರ್ ವೇಗ ಬೀಳೋದನ್ನು ನನ್ನ ಸಿಸ್ಟಮ್‌ನಲ್ಲೇ ನೋಡಿದ್ದೇನೆ.
ಕ್ಯಾಬಿನೆಟ್ ಪಕ್ಕದ ಬಾಗಿಲು ತೆಗೆದು ಒಂದು ಗೇಮ್ ಆಡಿ. ಕಾರ್ಡಿನ ಬಿಸಿ ಹತ್ತು ಡಿಗ್ರಿ ಇಳಿದರೆ ಕೊರತೆ ಇರೋದು ಗಾಳಿಯದ್ದು. ಹಿಂದೆ ಒಂದು 120 ಎಂಎಂ ಫ್ಯಾನ್ ಸಾಕು. ಫ್ಯಾನಿನ ಮೋಟಾರ್ ಹಿಡಿದಿರುವ ಕಡ್ಡಿಗಳ ಕಡೆಯಿಂದ ಗಾಳಿ ಹೊರಬರುತ್ತದೆ, ಆ ಮುಖ ಹೊರಗಿರಲಿ.

ಹಳೇ ಕ್ಯಾಬಿನೆಟ್:
ನಾನೂ ಇವತ್ತು ಕ್ಯಾಬಿನೆಟ್ ಬಿಚ್ಚಿ ಸ್ಟಿಕ್ಕರ್ ನೋಡಿದೆ. 14 ಆಂಪಿಯರ್. ಯಾರಿಗೂ ಹೇಳಬೇಡಿ.

ರಾತ್ರಿಪಾಳಿ:
ಐದು ದಿನದ ಮೇಲೆ ಬರ್ತಿದ್ದೇನೆ. 550 ವ್ಯಾಟ್‌ನದ್ದು ಹಾಕಿದೆ, 12 ವೋಲ್ಟಿಗೆ 45 ಆಂಪಿಯರ್. ಕಾರ್ಡಿಗೆ ಅದರದ್ದೇ 8 ಪಿನ್ ಕೇಬಲ್. ಕೂಲರ್ ಹಳೆಯದೇ, ನಾಲ್ಕೂ ಕಾಲು ಟಕ್ ಅಂತು. ಅದೇ ಅರ್ಧ ಗಂಟೆ ಪರೀಕ್ಷೆಯಲ್ಲಿ ಈಗ 75. ಗೇಮ್ ಮೂರು ಗಂಟೆ ಆಡಿದೆ, ಆಫ್ ಆಗಲಿಲ್ಲ. ಹಿಂದಿನ ಫ್ಯಾನ್ ಮುಂದಿನ ತಿಂಗಳಿಗೆ.
ಒಂದೇ ಡೌಟು. ಹೊಸದರ ಸಾಟಾ ಕೇಬಲ್ ಡಿಸ್ಕಿನ ತನಕ ಮುಟ್ಟುತ್ತಿಲ್ಲ. ತಮ್ಮನ ಹತ್ತಿರ ಬೇರೆ ಕಂಪನಿಯ ಮಾಡ್ಯುಲರ್ (ಕೇಬಲ್ ಬಿಚ್ಚಿ ಹಾಕಬಹುದಾದ) ಎಸ್‌ಎಂಪಿಎಸ್ ಇದೆ, ಅದರ ಉದ್ದ ಕೇಬಲ್ ಇದಕ್ಕೆ ಸರಿಯಾಗಿ ಕೂರುತ್ತೆ. ಹಾಕಿಬಿಡಲಾ?

ಧೂಳುಮಾಮ:
ಬೇಡ!

ಮಲ್ಟಿಮೀಟರ್:
ಬೇಡ ಮಾರಾಯ. ಡಿಸ್ಕಿನ ಕಡೆಯ ತುದಿ ಮಾತ್ರ ಎಲ್ಲದಕ್ಕೂ ಒಂದೇ. ಎಸ್‌ಎಂಪಿಎಸ್ ಕಡೆಯ ತುದಿಯಲ್ಲಿ ಯಾವ ಪಿನ್‌ಗೆ ಯಾವ ವೋಲ್ಟ್ ಅಂತ ಒಬ್ಬೊಬ್ಬರದು ಒಂದೊಂದು ಥರ. ಕೂತಿತು ಅಂದ ಮಾತ್ರಕ್ಕೆ ಸರಿ ಅಲ್ಲ. 5 ವೋಲ್ಟ್ ಹೋಗುವ ಕಡೆ 12 ಹೋದರೆ ಸ್ವಿಚ್ ಒತ್ತಿದ ತಕ್ಷಣ ಡಿಸ್ಕ್ ಸತ್ತಿರುತ್ತದೆ. ಒಳಗಿನ ಫೋಟೊಗಳೂ ಅದರ ಜೊತೆಗೆ. ಡಿಸ್ಕನ್ನು ಕೆಳಗಿನ ಜಾಗಕ್ಕೆ ಇಳಿಸಿ, ಕೇಬಲ್ ಮುಟ್ಟುತ್ತೆ.

ರಾತ್ರಿಪಾಳಿ:
ಕೈಯಲ್ಲೇ ಹಿಡಿದಿದ್ದೆ. ತಮ್ಮನಿಗೆ ವಾಪಸ್ ಕೊಟ್ಟೆ. ಡಿಸ್ಕ್ ಇಳಿಸ್ತಿದ್ದೇನೆ, ಸ್ಕ್ರೂ ಒಂದು ಒಳಗೆ ಬಿತ್ತು, ಹುಡುಕ್ತಿದ್ದೇನೆ.